‘ಅಲೀಜಿಯಂಟ್’ ಯಾಕೆ ಹಾಗೆ ಮುಗಿಯಿತು?

2013ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ‘ಅಲೀಜಿಯಂಟ್’ ಅನ್ನುವ ಕಾದಂಬರಿ ಬಿಡುಗಡೆ ಆಯಿತು. ವೆರೋನಿಕಾ ರಾಥ್ ಬರೆದ ‘ಡೈವರ್ಜೆಂಟ್’ ಸರಣಿಯ ಮೂರನೇ ಮತ್ತು ಕೊನೆಯ ಪುಸ್ತಕ ಅದು. ಅಚ್ಚು, ಇ-ಪುಸ್ತಕ, ಆಡಿಯೊ ಎಲ್ಲ ಸೇರಿ ಮೊದಲ ದಿನವೇ 4.55 ಲಕ್ಷ ಪ್ರತಿ ಹೋಯಿತು ಎಂದು ಪ್ರಕಾಶಕರಾದ ಹಾರ್ಪರ್‌ಕಾಲಿನ್ಸ್ ಹೇಳಿಕೊಂಡರು. ಆ ಸಂಸ್ಥೆಗೆ ಅದು ದಾಖಲೆ. ಅದರ ಬೆನ್ನಿಗೇ ಪುಸ್ತಕಕ್ಕೆ ಒಂದೇ ಒಂದು ಸ್ಟಾರ್ ಕೊಟ್ಟು ಬೈದವರ ಸಾಲೂ ಉದ್ದವಾಯಿತು. ಕಾರಣ ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ. ಕತೆಯ ನಾಯಕಿ ಟ್ರಿಸ್ ಕೊನೆಯಲ್ಲಿ ಸಾಯುತ್ತಾಳೆ.

ಗುಟ್ಟು ರಟ್ಟು ಮಾಡಿಬಿಟ್ಟೆ ಅಂತ ಸಿಟ್ಟಾಗಬೇಡಿ. ಪುಸ್ತಕ ಬಂದು ಹತ್ತು ವರ್ಷದ ಮೇಲಾಯಿತು. ಮುಂದೆಯೂ ಕತೆಯ ತಿರುವುಗಳೆಲ್ಲ ಒಂದೊಂದಾಗಿ ಬರುತ್ತವೆ. ಇನ್ನೂ ಓದಬೇಕು ಅಂದುಕೊಂಡವರು ಇಲ್ಲೇ ನಿಲ್ಲಿಸಿ, ಓದಿಕೊಂಡು ಬನ್ನಿ.

ಈ ಕೊನೆಯ ಬಗ್ಗೆ ಜಗಳ ಇನ್ನೂ ನಿಂತಿಲ್ಲ. ಲೇಖಕಿ ಸುಮ್ನೆ ಬೆಚ್ಚಿಬೀಳಿಸೋಕೆ ನಾಯಕಿಯನ್ನು ಸಾಯಿಸಿದರು ಅನ್ನುವವರು ಒಂದು ಕಡೆ, ಅದು ಧೈರ್ಯದ ಕೆಲಸ ಅನ್ನುವವರು ಇನ್ನೊಂದು ಕಡೆ. ನನಗೆ ಕಾಣುವ ಮಟ್ಟಿಗೆ ಆ ಸಾವು ಈ ಪುಸ್ತಕದಲ್ಲಿ ಅತ್ಯಂತ ಗಟ್ಟಿಯಾಗಿ ಕಟ್ಟಿದ ಭಾಗ. ಎಡವಟ್ಟು ಆಗಿರುವುದು ಅದರ ಸುತ್ತಲಿನ ರಾಜಕೀಯದಲ್ಲಿ. ಹಾಗೆ ಯಾಕೆ ಅಂತೀನಿ ಅನ್ನೋದಕ್ಕೆ ಮೊದಲು ಈ ಜಾತಿಯ ಕಾದಂಬರಿ ಹೇಗೆ ನಡೆಯುತ್ತದೆ ಅಂತ ನೋಡಬೇಕು.

ಕೊನೆಯ ಪುಸ್ತಕದ ಎರಡು ಬಾಕಿ

ಇವನ್ನು ಯಂಗ್ ಅಡಲ್ಟ್ ಡಿಸ್ಟೋಪಿಯಾ ಅನ್ನುತ್ತಾರೆ. ಹದಿಹರೆಯದವರಿಗಾಗಿ ಬರೆದ, ಕೆಟ್ಟುಹೋದ ನಾಳೆಯ ಕತೆಗಳು. 2008ರಲ್ಲಿ ‘ದಿ ಹಂಗರ್ ಗೇಮ್ಸ್’ ಬಂದ ಮೇಲೆ ಇವುಗಳದ್ದೇ ಸುಗ್ಗಿ. ಸಾಮಾನ್ಯವಾಗಿ ಮೂರು ಪುಸ್ತಕ ಇರುತ್ತವೆ. ಮೊದಲನೆಯದರಲ್ಲಿ ಒಬ್ಬ ಹುಡುಗಿ ವ್ಯವಸ್ಥೆಯ ಬಾಯಿಗೆ ಬೀಳುತ್ತಾಳೆ, ಅಲ್ಲೇ ಒಬ್ಬ ಹುಡುಗನೂ ಸಿಗುತ್ತಾನೆ. ಎರಡನೆಯದರಲ್ಲಿ ವ್ಯವಸ್ಥೆಗೂ ಬಿರುಕು, ಪ್ರೀತಿಗೂ ಬಿರುಕು. ಮೂರನೆಯದರಲ್ಲಿ ಲೆಕ್ಕ ಚುಕ್ತಾ ಮಾಡಬೇಕು.

ಚುಕ್ತಾ ಮಾಡಬೇಕಾದ ಬಾಕಿ ಎರಡಿರುತ್ತವೆ. ಆ ದುಷ್ಟ ಆಡಳಿತ ಏನಾಯಿತು ಅನ್ನೋದು ಒಂದು. ಆ ಇಬ್ಬರು ಏನಾದರು ಅನ್ನೋದು ಇನ್ನೊಂದು. ತೊಂದರೆ ಏನಂದರೆ ಇವೆರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಯಾರೂ ಏನೂ ಕಳೆದುಕೊಳ್ಳದೆ ದಂಗೆ ಗೆದ್ದುಬಿಟ್ಟರೆ ಓದುಗ ನಂಬುವುದಿಲ್ಲ. ಇಬ್ಬರೂ ಉಳಿಯದಿದ್ದರೆ ಪ್ರೇಮಕತೆಗೆ ಬಂದ ಓದುಗ ಕ್ಷಮಿಸುವುದಿಲ್ಲ. ಅದಕ್ಕೇ ಬಹುತೇಕ ಲೇಖಕರು ಪಕ್ಕದವರನ್ನು ಸಾಯಿಸಿ ಬಚಾವಾಗುತ್ತಾರೆ. ನಾಯಕಿಯ ಗೆಳತಿ ಹೋಗುತ್ತಾಳೆ, ತಂದೆ ಹೋಗುತ್ತಾನೆ. ಜೋಡಿ ಉಳಿಯುತ್ತದೆ.

‘ಹಂಗರ್ ಗೇಮ್ಸ್’ ಸರಣಿಯ ಮೂರನೇ ಪುಸ್ತಕ, 2010ರ ‘ಮಾಕಿಂಗ್‌ಜೇ’ಯಲ್ಲಿ ನಾಯಕಿ ಕ್ಯಾಟ್ನಿಸ್ ಕಳೆದುಕೊಳ್ಳುವುದು ತಂಗಿ ಪ್ರಿಮ್‌ಳನ್ನು. ಇಡೀ ಕತೆ ಶುರುವಾಗಿದ್ದೇ ಆ ತಂಗಿಯನ್ನು ಉಳಿಸೋಕೆ. ಹಾಗಾಗಿ ಅದು ಪಕ್ಕದವರ ಸಾವು ಅನ್ನಿಸಿಕೊಳ್ಳುವುದಿಲ್ಲ, ಕರುಳಿಗೇ ತಾಗುತ್ತದೆ. ಆದರೂ ಕ್ಯಾಟ್ನಿಸ್ ಮತ್ತು ಅವಳ ಹುಡುಗ ಪೀಟಾ ಗಾಯಗೊಂಡೇ ಆಗಲಿ, ಉಳಿಯುತ್ತಾರೆ. ಇನ್ನೊಂದು ತುದಿಯಲ್ಲಿ ಕೀರಾ ಕ್ಯಾಸ್ ಅವರ ‘ದಿ ಸೆಲೆಕ್ಷನ್’ ಸರಣಿ ಇದೆ. ಎಂಟು ಜಾತಿಗಳಾಗಿ ಒಡೆದ ದೇಶ, ರಾಜಕುಮಾರನಿಗೆ ಹೆಣ್ಣು ಹುಡುಕುವ ಸ್ಪರ್ಧೆ. 2014ರ ಮೂರನೇ ಪುಸ್ತಕದಲ್ಲಿ ದಾಳಿಯಲ್ಲಿ ರಾಜ ಸಾಯುತ್ತಾನೆ, ರಾಜಕುಮಾರ ಪಟ್ಟಕ್ಕೆ ಬರುತ್ತಾನೆ, ನಾಯಕಿ ಅವನನ್ನೇ ಮದುವೆಯಾಗುತ್ತಾಳೆ. ಒಂದೇ ಮಂಟಪದಲ್ಲಿ ಎರಡೂ ಬಾಕಿ ತೀರಿತು. ಓದೋಕೆ ಹಿತ, ಯೋಚಿಸಿದರೆ ಸ್ವಲ್ಪ ಅನುಮಾನ. ಅದೇ ಸರಣಿಯ ಐದನೇ ಪುಸ್ತಕ 2016ರಲ್ಲಿ ಬಂತು. ಅದರಲ್ಲಿ ಇವರ ಮಗಳು ಅಧಿಕಾರವನ್ನು ಜನರ ಕೈಗೆ ಸ್ವಲ್ಪ ಬಿಟ್ಟುಕೊಡುವ ಹೊತ್ತಿಗೆ, ಮೂರನೇ ಪುಸ್ತಕ ಮುಚ್ಚಿಟ್ಟಿದ್ದ ಪ್ರಶ್ನೆಯನ್ನು ಲೇಖಕಿಯೇ ತೆರೆಯಬೇಕಾಗಿ ಬಂತು.

ರಾಥ್ ಇವೆರಡರ ದಾರಿಯನ್ನೂ ಹಿಡಿಯಲಿಲ್ಲ.

ಐದು ಬಟ್ಟಲು

ಕತೆ ನಡೆಯುವುದು ಮುಂದಿನ ಕಾಲದ ಶಿಕಾಗೋದಲ್ಲಿ. ಊರಿನ ಸುತ್ತ ಬೇಲಿ. ಒಳಗೆ ಐದು ಪಂಗಡ. ನಿಸ್ವಾರ್ಥವೇ ಬದುಕು ಅನ್ನುವ ಅಬ್ನೆಗೇಶನ್, ಧೈರ್ಯದ ಡಾಂಟ್ಲೆಸ್, ಬುದ್ಧಿಯ ಎರುಡೈಟ್, ಸತ್ಯದ ಕ್ಯಾಂಡರ್, ಶಾಂತಿಯ ಆಮಿಟಿ. ಹದಿನಾರು ತುಂಬಿದಾಗ ಎಲ್ಲರ ಮುಂದೆ ನಿಂತು ಒಂದನ್ನು ಆರಿಸಿಕೊಳ್ಳಬೇಕು. ಆರಿಸಿದ ಮೇಲೆ ವಾಪಸ್ ಬರುವ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸೈನ್ಸೋ ಕಾಮರ್ಸೋ ಆರ್ಟ್ಸೋ ಅಂತ ಮನೆಯಲ್ಲಿ ನಡೆಯುವ ಪಂಚಾಯ್ತಿ ನೆನಪಿಸಿಕೊಳ್ಳಿ. ಇಲ್ಲಿ ಸೈನ್ಸ್ ತಗೊಂಡರೆ ಮನೆಯವರ ಮುಖವನ್ನೇ ಮತ್ತೆ ನೋಡುವ ಹಾಗಿಲ್ಲ, ಅಷ್ಟೇ ವ್ಯತ್ಯಾಸ. ಬೆಂಗಳೂರಿನ ಹುಡುಗ ಹುಡುಗಿಯರಿಗೂ ಈ ಪುಸ್ತಕ ಹಿಡಿಸಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಆಯ್ಕೆಯ ದಿನ ಐದು ಬಟ್ಟಲು ಇಟ್ಟಿರುತ್ತಾರೆ. ಒಂದರಲ್ಲಿ ಬೂದು ಕಲ್ಲು, ಒಂದರಲ್ಲಿ ಕೆಂಡ, ಒಂದರಲ್ಲಿ ನೀರು, ಒಂದರಲ್ಲಿ ಗಾಜು, ಒಂದರಲ್ಲಿ ಮಣ್ಣು. ಅಂಗೈ ಕೊಯ್ದುಕೊಂಡು ರಕ್ತದ ಹನಿಯನ್ನು ತನಗೆ ಬೇಕಾದ ಬಟ್ಟಲಿಗೆ ಬೀಳಿಸಬೇಕು. ಬಿಯಾಟ್ರಿಸ್ ಹುಟ್ಟಿದ್ದು ನಿಸ್ವಾರ್ಥಿಗಳ ಮನೆಯಲ್ಲಿ. ಅಲ್ಲಿ ಕನ್ನಡಿ ನೋಡಿಕೊಳ್ಳುವುದಕ್ಕೂ ಲೆಕ್ಕ. ಮೂರು ತಿಂಗಳಿಗೊಮ್ಮೆ ಅಮ್ಮ ಕೂದಲು ಕತ್ತರಿಸುವ ದಿನ ಮಾತ್ರ ಕನ್ನಡಿ ಹೊರಗೆ ಬರುತ್ತದೆ. ಅವಳ ರಕ್ತ ಕೆಂಡದ ಮೇಲೆ ಬೀಳುತ್ತದೆ. ನಾನು ನಿಸ್ವಾರ್ಥಿ ಅಲ್ಲ, ಆ ಮನೆಗೆ ನಾನು ತಕ್ಕವಳಲ್ಲ ಅನ್ನೋದು ಅವಳ ಲೆಕ್ಕಾಚಾರ. ಹೆಸರು ಟ್ರಿಸ್ ಅಂತ ಗಿಡ್ಡ ಮಾಡಿಕೊಂಡು ಧೈರ್ಯವಂತರ ಪಂಗಡಕ್ಕೆ ಹೋಗುತ್ತಾಳೆ. ಅದೇ ದಿನ ಅಣ್ಣ ಕೇಲಬ್ ಬುದ್ಧಿವಂತರ ಪಂಗಡಕ್ಕೆ ಹೋಗುತ್ತಾನೆ. ಧೈರ್ಯದವರ ಶಿಬಿರದಲ್ಲಿ ತರಬೇತಿ ಕೊಡುವವನು ಟೊಬಾಯಸ್. ಅವನಿಗೆ ಇರುವುದು ನಾಲ್ಕೇ ಭಯ, ಅದಕ್ಕೇ ಎಲ್ಲರೂ ಫೋರ್ ಅಂತ ಕರೆಯುತ್ತಾರೆ. ಆ ನಾಲ್ಕರಲ್ಲಿ ಒಂದು ಎತ್ತರದ ಭಯ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ರಾಥ್ ‘ಡೈವರ್ಜೆಂಟ್’ ಬರೆದಾಗ ಇನ್ನೂ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಭಯಕ್ಕೆ ಭಯವನ್ನೇ ಎದುರು ನಿಲ್ಲಿಸಿ ಗುಣಪಡಿಸುವ ಚಿಕಿತ್ಸೆಯ ಬಗ್ಗೆ ಮನಃಶಾಸ್ತ್ರದ ತರಗತಿಯಲ್ಲಿ ಕೇಳಿದ್ದು ಕತೆಗೆ ಬೀಜವಾಯಿತು ಎಂದು ಅವರೇ ಹೇಳಿದ್ದಾರೆ. ಪುಸ್ತಕ 2011ರಲ್ಲಿ ಬಂತು, ಎರಡನೆಯದು ‘ಇನ್ಸರ್ಜೆಂಟ್’ 2012ರಲ್ಲಿ.

ಸಾಯಲು ಹೊರಟವಳು, ಸಾಯಲು ಒಲ್ಲದವಳು

ಈಗ ಆ ಸಾವಿಗೆ ಬರೋಣ. ಮೂರೂ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಪ್ರಶ್ನೆ ಮೂರು ಸಲ ಬರುತ್ತದೆ. ಇನ್ನೊಬ್ಬರಿಗಾಗಿ ಪ್ರಾಣ ಕೊಡುವುದು ಅಂದರೇನು?

ಮೊದಲ ಪುಸ್ತಕದಲ್ಲಿ ಟ್ರಿಸ್‌ಗಾಗಿ ಬೇರೆಯವರು ಪ್ರಾಣ ಕೊಡುತ್ತಾರೆ. ಅಮ್ಮ ನತಾಲಿ ಗುಂಡಿಗೆ ಎದೆ ಕೊಡುತ್ತಾಳೆ. ಆಮೇಲೆ ಅಪ್ಪನೂ ಹೋಗುತ್ತಾನೆ. ಧೈರ್ಯವೂ ನಿಸ್ವಾರ್ಥವೂ ಅಷ್ಟೇನೂ ಬೇರೆ ಅಲ್ಲ ಅಂತ ಟೊಬಾಯಸ್ ಅವಳಿಗೆ ಮೊದಲೇ ಹೇಳಿರುತ್ತಾನೆ. ಅವಳಿಗೆ ಅದು ಅರ್ಥವಾಗುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ.

ಎರಡನೇ ಪುಸ್ತಕದಲ್ಲಿ ಅವಳೇ ಸಾಯಲು ಹೊರಡುತ್ತಾಳೆ. ಶತ್ರುಗಳಾದ ಎರುಡೈಟ್ ಪಂಗಡದ ನಾಯಕಿ ಜನೀನ್ ಒಬ್ಬರನ್ನು ಒಪ್ಪಿಸಿ ಅಂದಾಗ ಟ್ರಿಸ್ ತಾನಾಗಿಯೇ ಹೋಗಿ ನಿಲ್ಲುತ್ತಾಳೆ. ಮೇಲ್ನೋಟಕ್ಕೆ ಇದು ದೊಡ್ಡ ತ್ಯಾಗ. ಒಳಗೆ ನೋಡಿದರೆ ಅವಳಿಗೆ ಬದುಕೇ ಬೇಡವಾಗಿದೆ. ಅಪ್ಪ ಅಮ್ಮ ಸತ್ತಿದ್ದಾರೆ. ಗೆಳೆಯ ವಿಲ್‌ನನ್ನು ಅವಳೇ ಗುಂಡಿಟ್ಟು ಕೊಂದಿದ್ದಾಳೆ, ಬೇರೆ ದಾರಿಯಿಲ್ಲದೆ. ಬಂದೂಕು ಮುಟ್ಟಿದರೆ ಕೈ ನಡುಗುತ್ತದೆ. ಕೊನೇ ಗಳಿಗೆಯಲ್ಲಿ, ಸಾವಿನ ಮೇಜಿನ ಮೇಲೆ ಮಲಗಿರುವಾಗ, ಅವಳಿಗೆ ಬದುಕಬೇಕು ಅನ್ನಿಸುತ್ತದೆ. ಅವಳನ್ನು ಉಳಿಸುವವನು ಪೀಟರ್. ಯಾರೂ ಅವನಿಂದ ಒಳ್ಳೆಯದನ್ನು ನಿರೀಕ್ಷಿಸದ ಹುಡುಗ.

ಮೂರನೆಯದರಲ್ಲಿ ಅದೇ ಪ್ರಸಂಗ ಮತ್ತೆ ಬರುತ್ತದೆ, ಈ ಸಲ ತಲೆಕೆಳಗಾಗಿ. ಬೇಲಿಯಾಚೆಯ ಒಂದು ಸರ್ಕಾರಿ ಕಚೇರಿಯ ಶಸ್ತ್ರಾಗಾರದೊಳಗೆ ಒಬ್ಬರು ಹೋಗಲೇಬೇಕು, ಅಲ್ಲಿರುವ ನೆನಪು ಅಳಿಸುವ ಸೀರಮ್, ಅಂದರೆ ಮದ್ದು, ಬಿಡೋಕೆ. ಬಾಗಿಲು ಒಡೆದರೆ ಸಾವಿನ ಸೀರಮ್ ಹೊರಬೀಳುತ್ತದೆ, ಹೋದವರು ವಾಪಸ್ ಬರುವುದಿಲ್ಲ. ಹೋಗುತ್ತೇನೆ ಅನ್ನುವವನು ಅಣ್ಣ ಕೇಲಬ್. ಎರಡನೇ ಪುಸ್ತಕದಲ್ಲಿ ತಂಗಿಯನ್ನೇ ಶತ್ರುವಿಗೆ ಬಿಟ್ಟುಕೊಟ್ಟವನು ಇವನು. ಟ್ರಿಸ್ ಒಪ್ಪಿಕೊಳ್ಳುತ್ತಾಳೆ. ಇಲ್ಲಿ ರಾಥ್ ಬಹಳ ಹೊತ್ತು ನಿಲ್ಲುತ್ತಾರೆ. ನಿಲ್ಲಬೇಕಾದ ಜಾಗವೇ. ಅವಳು ಬೆಳೆದ ಮನೆಯ ಪಾಠ ಹೀಗಿತ್ತು: ನಿನಗಾಗಿ ಒಬ್ಬರು ಪ್ರಾಣ ಕೊಡಲು ಬಂದರೆ, ಅದು ಪ್ರೀತಿಯಿಂದ ಬಂದಿದ್ದರೆ, ತಡೆಯಬೇಡ. ಕೇಲಬ್ ಬಂದಿರುವುದು ಪ್ರೀತಿಯಿಂದಲೋ, ತಪ್ಪಿನ ಭಾರ ಇಳಿಸಿಕೊಳ್ಳೋಕೋ? ಅವಳಿಗೆ ಗೊತ್ತಾಗುವುದಿಲ್ಲ. ಬೆನ್ನಿಗೆ ಸ್ಫೋಟಕದ ಚೀಲ ಹಾಕಿಕೊಂಡು ಅವನು ಮುಂದೆ ನಡೆಯುತ್ತಿದ್ದಾನೆ, ಕಾವಲಿನವರು ಬೆನ್ನತ್ತಿದ್ದಾರೆ. ಆಗ ಅವಳು ಅವನ ಕಡೆ ಬಂದೂಕು ತಿರುಗಿಸಿ ಚೀಲ ಕೊಡು ಅನ್ನುತ್ತಾಳೆ.

ಇದನ್ನು ಆತ್ಮಹತ್ಯೆ ಅಂತ ಓದುವವರಿದ್ದಾರೆ. ಪುಟಾಣಿ ಲೆಕ್ಕವೊಂದನ್ನು ಅವರು ಬಿಟ್ಟುಬಿಡುತ್ತಾರೆ. ಟ್ರಿಸ್‌ಳ ಮೈ ಹಲವು ಸೀರಮ್‌ಗಳಿಗೆ ಬಗ್ಗುವುದಿಲ್ಲ. ಅದು ಮೊದಲ ಪುಸ್ತಕದಿಂದ ಬಂದ ವಿಷಯ. ಕೇಲಬ್ ಹೋದರೆ ಖಂಡಿತ ಸಾಯುತ್ತಾನೆ, ಅವಳು ಹೋದರೆ ಉಳಿಯುವ ಅವಕಾಶ ಇದೆ. ಉಳಿಯದಿದ್ದರೆ, ಅವನನ್ನು ಬಿಟ್ಟುಹೋಗಲು ನನಗೆ ಇಷ್ಟವಿರಲಿಲ್ಲ ಅಂತ ಟೊಬಾಯಸ್‌ಗೆ ಹೇಳು ಎಂದು ಅಣ್ಣನಿಗೆ ಹೇಳಿ ಓಡುತ್ತಾಳೆ. ಎರಡನೇ ಪುಸ್ತಕದ ಟ್ರಿಸ್ ಬಾಯಲ್ಲಿ ಈ ಮಾತು ಬರುತ್ತಲೇ ಇರಲಿಲ್ಲ. ಆಗ ಸಾಯಬೇಕು ಅಂತ ಹೊರಟಿದ್ದಳು, ಈಗ ಬದುಕಬೇಕು ಅಂತ ಇದ್ದೂ ಹೋಗುತ್ತಿದ್ದಾಳೆ.

ಸೀರಮ್‌ನ್ನು ಅವಳು ಗೆಲ್ಲುತ್ತಾಳೆ. ಒಳಗೆ ಗಾಲಿಕುರ್ಚಿಯಲ್ಲಿ ಆ ಕಚೇರಿಯ ಮುಖ್ಯಸ್ಥ ಡೇವಿಡ್ ಕೂತಿದ್ದಾನೆ, ಕೈಯಲ್ಲಿ ಬಂದೂಕು. ಅಷ್ಟೆಲ್ಲ ವಿಜ್ಞಾನ ದಾಟಿ ಬಂದವಳನ್ನು ಕೊಲ್ಲುವುದು ಒಂದು ಮಾಮೂಲಿ ಗುಂಡು. ಬೀಳುವ ಮುಂಚೆ ಬಟನ್ ಒತ್ತುತ್ತಾಳೆ, ಕೆಲಸ ಆಗುತ್ತದೆ. ಕಣ್ಣೆದುರು ಅಮ್ಮ ಬರುತ್ತಾಳೆ. ಮೊದಲ ಪುಸ್ತಕದಲ್ಲಿ ಅಮ್ಮ ಮಾಡಿದ್ದನ್ನೇ ಮಗಳು ಮಾಡಿದ್ದಾಳೆ. ನಾನು ಆ ಮನೆಗೆ ತಕ್ಕವಳಲ್ಲ ಅಂತ ಕೆಂಡದ ಮೇಲೆ ರಕ್ತ ಸುರಿದ ಹುಡುಗಿ ಅವಳು. ಈ ಕೊನೆ ಮೊದಲಿನಿಂದಲೂ ತಮ್ಮ ತಲೆಯಲ್ಲಿತ್ತು ಎಂದು ರಾಥ್ ಆಮೇಲೆ ಓದುಗರಿಗೆ ಬರೆದು ತಿಳಿಸಿದರು. ಬರೆಯದಿದ್ದರೂ ನಡೆಯುತ್ತಿತ್ತು. ಪುಸ್ತಕಗಳಲ್ಲೇ ಕಾಣುತ್ತದೆ.

‘ನಾನು’ ಸತ್ತರೆ ಕತೆ ಹೇಳುವವರು ಯಾರು?

ಮೊದಲ ಎರಡು ಪುಸ್ತಕ ಪೂರ್ತಿ ಟ್ರಿಸ್ ಬಾಯಲ್ಲಿ ನಡೆಯುತ್ತವೆ. ಅದೂ ವರ್ತಮಾನ ಕಾಲದಲ್ಲಿ. ಓಡುತ್ತೇನೆ, ಹಾರುತ್ತೇನೆ, ಕೇಳಿಸಿಕೊಳ್ಳುತ್ತೇನೆ. ಈ ಜಾತಿಯ ಬಹುತೇಕ ಕಾದಂಬರಿಗಳ ಧಾಟಿ ಇದೇ. ಇದರಲ್ಲಿ ಓದುಗನಿಗೆ ಹೇಳದೆಯೇ ಕೊಟ್ಟ ಒಂದು ಭರವಸೆ ಇರುತ್ತದೆ. ‘ನಾನು’ ಅನ್ನುವವಳು ಮಾತಾಡುತ್ತಲೇ ಇದ್ದಾಳೆ, ಅಂದಮೇಲೆ ಉಳಿಯುತ್ತಾಳೆ. ನಾಯಕಿ ಸಾಯುವಳು ಅಂತ ಯಾರಿಗೂ ಅನ್ನಿಸುವುದೇ ಇಲ್ಲ.

‘ಅಲೀಜಿಯಂಟ್’ ತೆರೆದರೆ ಅಧ್ಯಾಯಗಳ ತಲೆಯ ಮೇಲೆ ಹೆಸರು ಕಾಣುತ್ತದೆ. ಒಮ್ಮೆ ಟ್ರಿಸ್, ಒಮ್ಮೆ ಟೊಬಾಯಸ್. ಚುರುಕು ಓದುಗರಿಗೆ ಅಲ್ಲೇ ವಾಸನೆ ಬಡಿಯಿತು. ಮೂರನೇ ಪುಸ್ತಕದಲ್ಲಿ ಇದ್ದಕ್ಕಿದ್ದಂತೆ ಎರಡನೇ ದನಿ ಯಾಕೆ ಬೇಕಾಯಿತು? ಉತ್ತರ ಸರಳ. ಒಂದು ದನಿ ನಿಂತ ಮೇಲೆ ಉಳಿದದ್ದನ್ನು ಹೇಳೋಕೆ ಇನ್ನೊಬ್ಬ ಬೇಕಲ್ಲ. ಟ್ರಿಸ್ ಸತ್ತ ಮೇಲೆ ಅವಳ ಹೆಸರಿನ ಅಧ್ಯಾಯ ಮತ್ತೆ ಬರುವುದಿಲ್ಲ. ಪುಟ ತಿರುಗಿಸಿದರೆ ಟೊಬಾಯಸ್, ಮತ್ತೆ ಟೊಬಾಯಸ್, ಮತ್ತೂ ಅವನೇ. ಅವನಿಗಿಂತ ಮೊದಲು ನಮಗೆ ವಿಷಯ ಗೊತ್ತಾಗಿದೆ. ಅವನು ಇನ್ನೂ ಊರಿನಿಂದ ವಾಪಸ್ ಬರುತ್ತಿದ್ದಾನೆ, ಎಲ್ಲ ಸರಿಹೋಯಿತು ಅಂದುಕೊಂಡು. ಆ ಕೆಲವು ಪುಟ ಓದೋದು ನಿಜಕ್ಕೂ ಕಷ್ಟ.

ಉಪಾಯ ಒಳ್ಳೆಯದೇ, ಕೈಕೆಲಸ ಮಾತ್ರ ಅಷ್ಟು ಚೆನ್ನಾಗಿಲ್ಲ. ಇಬ್ಬರ ದನಿಯೂ ಒಂದೇ ಥರ ಕೇಳಿಸುತ್ತದೆ. ಅದೇ ಗಿಡ್ಡ ವಾಕ್ಯ, ಅದೇ ಉಸಿರು ಬಿಗಿಹಿಡಿದ ಧಾಟಿ. ಪುಸ್ತಕ ಮಧ್ಯದಲ್ಲಿ ಮುಚ್ಚಿಟ್ಟು ಮಾರನೇ ದಿನ ತೆರೆದರೆ ಈಗ ಮಾತಾಡುತ್ತಿರುವುದು ಯಾರು ಅಂತ ಹಿಂದಿನ ಪುಟಕ್ಕೆ ಹೋಗಿ ನೋಡಬೇಕು. ಮೊದಲ ಪುಸ್ತಕವನ್ನು ರಾಥ್ ಶುರುಮಾಡಿದ್ದೇ ಫೋರ್‌ನ ದನಿಯಲ್ಲಿ, ಸರಿಹೋಗದೆ ಹುಡುಗಿಯ ಕಡೆ ತಿರುಗಿದರು. ಆ ದನಿ ಮೂರನೇ ಪುಸ್ತಕದಲ್ಲೂ ಪೂರ್ತಿ ಕೈಗೆ ಬಂದಿಲ್ಲ ಅನ್ನಬಹುದು.

ಬೇಲಿಯ ಆಚೆ ಏನಿತ್ತು

ಇನ್ನು ಎಡವಟ್ಟಿನ ಕತೆ. ಎರಡು ಪುಸ್ತಕದುದ್ದಕ್ಕೂ ಓದುಗರು ಕಾದಿದ್ದ ಪ್ರಶ್ನೆ ಒಂದಿತ್ತು. ಬೇಲಿಯ ಆಚೆ ಏನಿದೆ?

ಆಚೆ ಇರುವುದು ಓಹೇರ್ ವಿಮಾನ ನಿಲ್ದಾಣ. ಶಿಕಾಗೋದ ನಿಜವಾದ ನಿಲ್ದಾಣವೇ. ಅದರಲ್ಲಿ ಸರ್ಕಾರದ ಒಂದು ಕಚೇರಿ ಬೀಡುಬಿಟ್ಟಿದೆ, ಬ್ಯೂರೋ ಆಫ್ ಜೆನೆಟಿಕ್ ವೆಲ್‌ಫೇರ್. ಅವರು ಹೇಳುವ ಚರಿತ್ರೆ ಹೀಗಿದೆ. ಎಷ್ಟೋ ತಲೆಮಾರಿನ ಹಿಂದೆ ಸರ್ಕಾರ ಜನರ ವಂಶವಾಹಿಗಳನ್ನೇ ತಿದ್ದಲು ಹೊರಟಿತು. ಹೇಡಿತನ, ಸುಳ್ಳು, ದಡ್ಡತನ, ಕೊಲ್ಲುವ ಗುಣ ಇವನ್ನೆಲ್ಲ ಕಿತ್ತು ಹಾಕೋಣ ಅಂತ. ಭಯ ಕಿತ್ತರೆ ಕರುಣೆಯೂ ಹೋಯಿತು. ಜಗಳಗಂಟತನ ಕಿತ್ತರೆ ಮುನ್ನುಗ್ಗುವ ಛಲವೂ ಹೋಯಿತು. ತಿದ್ದಿಸಿಕೊಂಡವರು ಕೆಟ್ಟರು, ತಿದ್ದದವರ ಜೊತೆ ಯುದ್ಧವಾಯಿತು. ಅದಕ್ಕೆ ಶುದ್ಧಿಯ ಯುದ್ಧ ಅಂತ ಹೆಸರು. ಆಮೇಲೆ ಕೆಟ್ಟ ವಂಶವಾಹಿಯವರನ್ನು ಕೆಲವು ಊರುಗಳಲ್ಲಿ ಕೂಡಿಹಾಕಿ, ತಲೆಮಾರು ಕಳೆದಂತೆ ತಾವಾಗಿಯೇ ಸರಿಹೋಗುತ್ತಾರಾ ಅಂತ ಪ್ರಯೋಗ ಶುರುಮಾಡಿದರು. ಶಿಕಾಗೋ ಅದರಲ್ಲಿ ಒಂದು. ಐದು ಪಂಗಡ ಆ ಪ್ರಯೋಗದ ಭಾಗ. ಯಾವ ಪಂಗಡಕ್ಕೂ ಪೂರ್ತಿ ಹೊಂದದ ಡೈವರ್ಜೆಂಟ್‌ಗಳು ಅಂದರೆ ಸರಿಹೋದವರು. ಊರಿನ ತುಂಬ ಕ್ಯಾಮೆರಾ. ಟ್ರಿಸ್ ಅಲ್ಲಿಗೆ ಕಾಲಿಟ್ಟಾಗ ಸಿಬ್ಬಂದಿಗೆ ಅವಳು ಮೊದಲೇ ಗೊತ್ತು, ಪರದೆಯ ಮೇಲೆ ನೋಡಿಯೇ.

ಇದರೊಳಗೂ ಒಳ್ಳೆಯ ತುಣುಕುಗಳಿವೆ. ಬ್ಯೂರೋದ ಒಳಗೆ ಒಂದು ಶಿಲ್ಪ ಇದೆ. ದೊಡ್ಡ ಕಲ್ಲಿನ ಚಪ್ಪಡಿ, ಮೇಲೊಂದು ನೀರಿನ ತೊಟ್ಟಿ, ತೊಟ್ಟಿಯಿಂದ ಆಗಾಗ ಒಂದೊಂದೇ ಹನಿ ಕಲ್ಲಿನ ಮೇಲೆ ಬೀಳುತ್ತದೆ. ಕಲ್ಲು ಅಂದರೆ ಸಮಸ್ಯೆ, ಹನಿ ಅಂದರೆ ನಾವು ಸದ್ಯಕ್ಕೆ ಮಾಡಬಹುದಾದ ಬದಲಾವಣೆ ಎಂದು ವಿವರಿಸುತ್ತಾರೆ. ತೊಟ್ಟಿಯ ನೀರೆಲ್ಲ ಒಂದೇ ಸಲ ಬಿಟ್ಟರೆ ಆಗಲ್ವಾ ಅನ್ನೋದು ಟ್ರಿಸ್‌ಳ ಪ್ರಶ್ನೆ. ಇಬ್ಬರ ನಡುವಿನ ಅಂತರ ಅಷ್ಟರಲ್ಲೇ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಟೊಬಾಯಸ್ ಡೈವರ್ಜೆಂಟ್ ಅಲ್ಲ, ‘ಕೆಟ್ಟವನು’ ಅಂತ ಬಂದಾಗ ಅವನು ಕುಸಿಯುವುದೂ ಚೆನ್ನಾಗಿದೆ. ನಾಲ್ಕೇ ಭಯದ ಹುಡುಗ ಒಂದು ಲ್ಯಾಬ್ ರಿಪೋರ್ಟ್ ನೋಡಿ ತನ್ನ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆ.

ಬ್ಯೂರೋ ಹೇಳುವ ವಿಜ್ಞಾನ ವಿಜ್ಞಾನವಲ್ಲ. ಧೈರ್ಯಕ್ಕೊಂದು, ಪ್ರಾಮಾಣಿಕತೆಗೊಂದು ಅಂತ ಒಂದೊಂದು ವಂಶವಾಹಿ ಇರುವುದಿಲ್ಲ. ಇಂಥ ಗುಣಗಳಲ್ಲಿ ಅನೇಕ ವಂಶವಾಹಿಗಳ ಪಾಲಿರುತ್ತದೆ, ಬೆಳೆದ ಮನೆ, ಕಂಡ ಕಷ್ಟ ಎಲ್ಲದರದ್ದೂ ಇರುತ್ತದೆ. ಪುಸ್ತಕವೂ ಇದನ್ನು ಪೂರ್ತಿ ನಂಬುವುದಿಲ್ಲ ಅನ್ನೋದನ್ನು ಗಮನಿಸಬೇಕು. ಯಾರೂ ಯಾರ ವಂಶವಾಹಿಯನ್ನೂ ಮುಟ್ಟದ ಕಾಲದಲ್ಲೂ ಯುದ್ಧಗಳು ನಡೆದಿದ್ದವು ಅಂತ ಟ್ರಿಸ್‌ಗೆ ಗೊತ್ತಾಗುತ್ತದೆ. ಅಲ್ಲಿಗೆ ಬ್ಯೂರೋದ ಚರಿತ್ರೆಯೇ ಸುಳ್ಳು. ಇದರ ಹಿಂದೆ ಅಮೆರಿಕದ ನಿಜವಾದ ಚರಿತ್ರೆಯ ನೆರಳಿದೆ. 1907ರಲ್ಲಿ ಇಂಡಿಯಾನಾ ರಾಜ್ಯ ‘ಕೆಟ್ಟ ರಕ್ತ’ದವರಿಗೆ ಬಲವಂತದ ಸಂತಾನಹರಣ ಮಾಡುವ ಕಾನೂನು ತಂದಿತು. 1927ರಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಯ ಮೊಕದ್ದಮೆಯಲ್ಲಿ ಅಂಥದ್ದೇ ಕಾನೂನನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಜನರನ್ನು ಶುದ್ಧ, ಅಶುದ್ಧ ಅಂತ ಫೈಲಿನಲ್ಲಿ ಬರೆದಿಡುವ ಕಚೇರಿ ರಾಥ್ ಅವರ ಕಲ್ಪನೆಯೊಂದೇ ಅಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ? ಮೊದಲನೆಯದು, ಹೊತ್ತು. ಎರಡು ಪುಸ್ತಕ ಐದು ಪಂಗಡಗಳ ಜಗಳದಲ್ಲಿ ನಮ್ಮನ್ನು ಮುಳುಗಿಸಿ, ಮೂರನೆಯದರಲ್ಲಿ ಅದೆಲ್ಲ ಬರೀ ಪ್ರಯೋಗವಾಗಿತ್ತು ಅಂದುಬಿಟ್ಟರು. ಹೊಸ ಜಾಗ, ಹೊಸ ಶತ್ರು, ಹೊಸ ಬಂಡಾಯಗಾರರು, ಹೊಸ ಪದಗಳು. ಇವನ್ನೆಲ್ಲ ಪರಿಚಯ ಮಾಡಿಕೊಡುವುದರಲ್ಲೇ ಅರ್ಧ ಪುಸ್ತಕ ಸವೆಯುತ್ತದೆ. ಕೊನೆಯ ಪುಸ್ತಕದಲ್ಲಿ ಮೊದಲ ಪುಸ್ತಕದ ಕೆಲಸ.

ಎರಡನೆಯದು ಇನ್ನೂ ದೊಡ್ಡದು. ಶಿಕಾಗೋದವರ ನೆನಪನ್ನೆಲ್ಲ ಅಳಿಸಿ ಪ್ರಯೋಗವನ್ನು ಮೊದಲಿನಿಂದ ಶುರುಮಾಡಬೇಕು ಅಂತ ಡೇವಿಡ್ ತೀರ್ಮಾನಿಸುತ್ತಾನೆ. ಅದು ಘೋರ ಅನ್ನುತ್ತಾರೆ ಟ್ರಿಸ್ ಮತ್ತು ಗೆಳೆಯರು. ಸರಿ, ಘೋರವೇ. ಅದನ್ನು ತಡೆಯೋಕೆ ಅವರು ಮಾಡುವುದೇನು? ನೆನಪು ಅಳಿಸುವ ಅದೇ ಸೀರಮ್ ಬಿಟ್ಟು ಬ್ಯೂರೋದವರ ನೆನಪನ್ನೇ ಅಳಿಸುತ್ತಾರೆ! ಅಲ್ಲಿ ವಿಜ್ಞಾನಿಗಳಷ್ಟೇ ಇಲ್ಲ, ಮಾಮೂಲಿ ಕೆಲಸದವರೂ ಇದ್ದಾರೆ. ಯಾರನ್ನೂ ಯಾರೂ ಕೇಳಲಿಲ್ಲ. ಗೆಳೆಯರ ಗುಂಪು ಇದರ ಬಗ್ಗೆ ಸ್ವಲ್ಪ ಅಳುಕುತ್ತದೆ, ಆಮೇಲೆ ಕತೆ ಮುಂದೆ ಓಡುತ್ತದೆ. ಇಡೀ ಸರಣಿಯಲ್ಲಿ ಕೇಳಲೇಬೇಕಿದ್ದ ಪ್ರಶ್ನೆ ಇದು. ಅದರ ಮೇಲೆ ಕೂತು ಯೋಚಿಸುವಷ್ಟು ಪುಟಗಳೇ ಉಳಿದಿಲ್ಲ.

ಅತ್ತ ಊರೊಳಗಿನ ಅಂತರ್ಯುದ್ಧವೂ ಹಾಗೇ ಮುಗಿಯುತ್ತದೆ. ಯಾವ ಪಂಗಡದಲ್ಲೂ ಜಾಗವಿಲ್ಲದವರ ನಾಯಕಿ ಎವೆಲಿನ್ ಟೊಬಾಯಸ್‌ನ ಅಮ್ಮ. ಅವನು ಹೋಗಿ, ನಿನಗೆ ಯುದ್ಧ ಬೇಕೋ ಮಗ ಬೇಕೋ ಆರಿಸಿಕೋ ಅನ್ನುತ್ತಾನೆ. ಅವಳು ಮಗ ಅನ್ನುತ್ತಾಳೆ. ತಾಯಿ ಮಗನ ದೃಶ್ಯವಾಗಿ ಅದು ಮನಸ್ಸಿಗೆ ತಟ್ಟುತ್ತದೆ. ಒಂದು ಊರಿನ ರಾಜಕೀಯಕ್ಕೆ ಉತ್ತರ ಅಂತ ಒಪ್ಪಿಕೊಳ್ಳೋಕೆ ಆಗುವುದಿಲ್ಲ. ಅವಳ ಹಿಂದೆ ಬಂದ, ಹೊಟ್ಟೆಗಿಲ್ಲದ ಅಷ್ಟು ಜನ ಏನಂದರು?

ಅಂದರೆ ಎರಡು ಬಾಕಿಗಳಲ್ಲಿ ಪ್ರೀತಿಯ ಬಾಕಿಗೆ ರಾಥ್ ಪೂರ್ತಿ ಬೆಲೆ ಕೊಟ್ಟರು, ಆಡಳಿತದ ಬಾಕಿಯನ್ನು ಔಷಧಿ ಸಿಂಪಡಿಸಿ ತೀರಿಸಿದರು. ಟ್ರಿಸ್ ಸತ್ತದ್ದು ವ್ಯರ್ಥ ಅಂತ ಓದುಗರಿಗೆ ಅನ್ನಿಸಿದ್ದು ಇದರಿಂದಲೇ ಇರಬೇಕು. ಅವಳು ಯಾವುದಕ್ಕಾಗಿ ಸತ್ತಳೋ ಆ ಗೆಲುವು ನಂಬುವ ಹಾಗಿಲ್ಲ. ಸಿಟ್ಟು ಮಾತ್ರ ಸಾವಿನ ಮೇಲೆ ಹೋಯಿತು.

ಸಾವಿನ ಆಮೇಲಿನ ಭಾಗ ಮತ್ತೆ ಗಟ್ಟಿ ನೆಲಕ್ಕೆ ಬರುತ್ತದೆ. ಟೊಬಾಯಸ್ ನೆನಪಿನ ಸೀರಮ್ ಕುಡಿದು ಎಲ್ಲ ಮರೆಯಲು ಹೊರಡುತ್ತಾನೆ. ತಡೆಯುವವಳು ಟ್ರಿಸ್‌ಳ ಗೆಳತಿ ಕ್ರಿಸ್ಟಿನಾ. ಅದೇ ಸೀರಮನ್ನು ಪೀಟರ್ ಬೇಕು ಅಂತಲೇ ಕುಡಿದಿರುತ್ತಾನೆ, ತಾನು ಇದ್ದ ಥರ ಇರಲು ಬೇಸತ್ತು. ಒಬ್ಬನಿಗೆ ಮರೆಯುವುದು ಬಿಡುಗಡೆ, ಇನ್ನೊಬ್ಬನಿಗೆ ಅದು ಅವಳನ್ನು ಎರಡನೇ ಸಲ ಕಳೆದುಕೊಂಡಂತೆ. ಎರಡೂವರೆ ವರ್ಷದ ಮೇಲಿನ ಕೊನೇ ಅಧ್ಯಾಯದಲ್ಲಿ ಟೊಬಾಯಸ್ ಹ್ಯಾನ್‌ಕಾಕ್ ಕಟ್ಟಡದ ತುದಿಗೆ ಹತ್ತುತ್ತಾನೆ. ಮೊದಲ ಪುಸ್ತಕದಲ್ಲಿ ಟ್ರಿಸ್ ಅಲ್ಲಿಂದಲೇ ತಂತಿಗೆ ನೇತುಬಿದ್ದು ಊರಿನ ಮೇಲೆ ಜಾರಿಕೊಂಡು ಹೋಗಿದ್ದಳು. ಎತ್ತರ ಕಂಡರೆ ನಡುಗುವ ಅವನು ಅವಳ ಬೂದಿ ಹಿಡಿದುಕೊಂಡು ಅದೇ ತಂತಿಯಲ್ಲಿ ಹೋಗುತ್ತಾನೆ.

ಸಿನಿಮಾ ಅಲ್ಲಿಗೆ ಹೋಗಲೇ ಇಲ್ಲ

ಬರೀ ಸಿನಿಮಾ ನೋಡಿದವರಿಗೆ ಇದ್ಯಾವುದೂ ಗೊತ್ತಿಲ್ಲ. ಆಗ ಕೊನೆಯ ಪುಸ್ತಕವನ್ನು ಎರಡು ಸಿನಿಮಾ ಮಾಡುವುದು ಹಾಲಿವುಡ್‌ನ ರೂಢಿಯಾಗಿತ್ತು. ಹ್ಯಾರಿ ಪಾಟರ್, ಟ್ವೈಲೈಟ್, ಹಂಗರ್ ಗೇಮ್ಸ್ ಮೂರೂ ಹಾಗೇ ಮಾಡಿ ದುಡ್ಡು ಬಾಚಿಕೊಂಡಿದ್ದವು. ‘ಅಲೀಜಿಯಂಟ್’ ಕೂಡ ಎರಡಾಯಿತು. ಮೊದಲರ್ಧ 2016ರ ಮಾರ್ಚ್‌ನಲ್ಲಿ ಬಂತು. ಎರಡನೆಯದಕ್ಕೆ ‘ಅಸೆಂಡೆಂಟ್’ ಅಂತ ಹೆಸರಿಟ್ಟು 2017ಕ್ಕೆ ದಿನವನ್ನೂ ಗೊತ್ತುಮಾಡಿದ್ದರು.

2014ರ ಮೊದಲ ಸಿನಿಮಾ ಅಮೆರಿಕದಲ್ಲಿ ಸುಮಾರು 15 ಕೋಟಿ ಡಾಲರ್ ಗಳಿಸಿತ್ತು, ಮಾರನೇ ವರ್ಷದ್ದು 13 ಕೋಟಿ. ಮೂರನೆಯದು ಸುಮಾರು 6.6 ಕೋಟಿಗೆ ನಿಂತಿತು. ನಿರ್ಮಾಣ ಸಂಸ್ಥೆ ಲಯನ್ಸ್‌ಗೇಟ್ ಉಳಿದದ್ದನ್ನು ಟಿವಿಯಲ್ಲಿ ಮುಗಿಸೋಣ ಅಂತ ಯೋಚಿಸಿತು. ಟ್ರಿಸ್ ಪಾತ್ರದ ಶೈಲೀನ್ ವುಡ್ಲಿ ತಾನು ಒಪ್ಪಿಕೊಂಡಿದ್ದು ಟಿವಿಗಲ್ಲ ಅಂದರು. ಕೊನೆಗೆ ಅದೂ ಬಿದ್ದುಹೋಯಿತು. ಹೀಗೆ ಪುಸ್ತಕದ ಅತ್ಯಂತ ಗಟ್ಟಿ ಭಾಗ ತೆರೆಗೆ ಬರಲೇ ಇಲ್ಲ, ವಂಶವಾಹಿಯ ಸತ್ವವಿಲ್ಲದ ಭಾಗ ಮಾತ್ರ ಬಂತು.

2018ರಲ್ಲಿ ರಾಥ್ ‘ವಿ ಕ್ಯಾನ್ ಬಿ ಮೆಂಡೆಡ್’ ಅನ್ನುವ ಒಂದು ಸಣ್ಣ ಕತೆ ಬರೆದರು. ಟ್ರಿಸ್ ಸತ್ತು ಐದು ವರ್ಷದ ಮೇಲೆ ಟೊಬಾಯಸ್ ಮತ್ತು ಕ್ರಿಸ್ಟಿನಾ ಮೆಲ್ಲಗೆ ಹತ್ತಿರವಾಗುವ ಕತೆ. ಹಳೇ ಅಭಿಮಾನಿಗಳಲ್ಲಿ ಕೆಲವರಿಗೆ ಇದು ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ಒಬ್ಬಳು ವಿಲ್‌ನನ್ನು ಕಳೆದುಕೊಂಡವಳು, ಇನ್ನೊಬ್ಬ ಟ್ರಿಸ್‌ಳನ್ನು ಕಳೆದುಕೊಂಡವನು, ಇಬ್ಬರಿಗೂ ಬದುಕು ಮುಂದೆ ಇದೆಯಲ್ಲ. ನನಗೇನೂ ತಪ್ಪು ಕಾಣಲಿಲ್ಲ. ಓದುವುದಾದರೆ ಮೂರನೇ ಪುಸ್ತಕ ಮುಗಿಸಿದ ಕೂಡಲೇ ಮಾತ್ರ ಓದಬೇಡಿ, ಮಧ್ಯೆ ಒಂದಷ್ಟು ತಿಂಗಳು ಬಿಡಿ.